ಮನೆ ದಾರಿ ಮರೆಯದ ನೀರು

ಈ ಬೇಸಿಗೆಯಲ್ಲಿ ಕೆನಡಾದಿಂದ ಮೆಕ್ಸಿಕೋವರೆಗೆ ಹಾರುವ ಯಾವ ಮೊನಾರ್ಕ್ ಚಿಟ್ಟೆಯೂ ನಮ್ಮ ಅಂಗಳದಲ್ಲಿ ಇಳಿದು, ಹೊಟ್ಟೆ ತುಂಬ ಜೇನು ಹೀರಿ, ನನಗೊಂದು ಸಲಾಮು ಹೊಡೆಯದೆ ಮುಂದಕ್ಕೆ ಹೋಗಕೂಡದು!

ಹೀಗೆಂದು ನಾನು ಶಪಥ ಮಾಡಿದ್ದು ನಾಲ್ಕು ಗೋಡೆಗಳ ನಡುವೆ ಆಗಿದ್ದರೆ ಇವತ್ತು ತಲೆ ಎತ್ತಿಕೊಂಡು ಓಡಾಡುತ್ತಿದ್ದೆ. ಆದರೆ ಮಾಡಿದ್ದು ಚರ್ಚಿನ ಹಜಾರದಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದು ಇಡೀ ಊರು ಕಾಫಿ ಲೋಟ ಹಿಡಿದು ನಿಂತಿದ್ದಾಗ. ನಮ್ಮ ವಿಸ್ಕಾನ್ಸಿನ್ ಸೀಮೆಯ ಜನ ದೇವರ ಮುಂದೆ ಆಡಿದ ಮಾತನ್ನಾದರೂ ಮರೆತಾರು, ಕಾಫಿಯ ಮುಂದೆ ಆಡಿದ್ದನ್ನು ಮರೆಯುವುದಿಲ್ಲ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಡುವೇನ್. ಹಿಂದಿನ ವರ್ಷ ಅವನ ಹೆಂಡತಿಯ ಹೂಕುಂಡಕ್ಕೆ ಎರಡು ಚಿಟ್ಟೆ ಬಂದಿದ್ದವು. ಎರಡೇ! ಆ ಎರಡು ಚಿಟ್ಟೆಯನ್ನು ಅವನು ಇಡೀ ಚಳಿಗಾಲ ಎಳೆದ. ಮೊಣಕಾಲುದ್ದ ಹಿಮ ಬಿದ್ದಿದ್ದಾಗಲೂ ಅವನ ಬಾಯಲ್ಲಿ ಚಿಟ್ಟೆ ಹಾರುತ್ತಲೇ ಇತ್ತು. ಈಸ್ಟರ್ ಹೊತ್ತಿಗೆ ಎರಡು ಹೋಗಿ ಹನ್ನೆರಡಾಗಿದ್ದವು. ಇನ್ನೂ ಸುಮ್ಮನಿದ್ದರೆ ಇವನು ನವಿಲೇ ಬಂದಿತ್ತು ಅಂದಾನು ಎಂದು ನಾನು ಕಾಫಿ ಲೋಟ ಕೆಳಗಿಟ್ಟು, ಮೇಲೆ ಹೇಳಿದ ಶಪಥ ಮಾಡಿಬಿಟ್ಟೆ. ನಮ್ಮ ಪಾದ್ರಿಯಮ್ಮ ಕ್ರಿಸ್ಟಾ ಚಪ್ಪಾಳೆ ತಟ್ಟಿ, "ಹಾಗಿದ್ರೆ ಜುಲೈನಲ್ಲಿ ಎಲ್ಲರೂ ನಿಮ್ಮನೆಗೆ ಬರ್ತೀವಿ, ಆರ್ವಿಡ್" ಎಂದರು. ಅಲ್ಲಿಗೆ ನನ್ನ ಮಾನ ಹೋಗುವುದಕ್ಕೆ ಮುಹೂರ್ತವೂ ಗೊತ್ತಾಯಿತು.

ನನ್ನ ಹೆಂಡತಿ ಇನೆಜ್ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು. "ನೀನು ಇಲ್ಲೀವರೆಗೆ ಏನು ಬೆಳೆಸಿದ್ದೀಯ, ಆರ್ವಿಡ್?"

"ಯಾಕೆ, ಹುಲ್ಲು!"

"ಹುಲ್ಲು ಬೆಳೆಸಿದ್ದು ದೇವರು. ನೀನು ಕತ್ತರಿಸಿದ್ದು."

ಅದು ಸ್ವಲ್ಪ ನಿಜವೇ. ನಮ್ಮೂರಲ್ಲಿ ಗಂಡಸಿನ ಯೋಗ್ಯತೆ ಅಳೆಯುವುದು ಅವನ ಮನೆ ಮುಂದಿನ ಹುಲ್ಲಿನಿಂದ. ಹುಲ್ಲು ಗಿಡ್ಡವಾದಷ್ಟೂ ಮನುಷ್ಯ ಎತ್ತರ. ನನ್ನ ಹತ್ತಿರ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯಿದೆ. ನಿವೃತ್ತನಾದ ದಿನ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಅದನ್ನೇರಿ ಹೊರಟೆನೆಂದರೆ ಅಂಬಾರಿಯ ಮೇಲೆ ಕೂತ ಅರಸನಿಗೂ ಅಷ್ಟು ಗತ್ತು ಇರಲಾರದು. ಅಂಗಳ ಮುಗಿಸಿ, ಮಳೆನೀರು ಹರಿಯಲೆಂದು ರಸ್ತೆ ಬದಿಯಲ್ಲಿ ತೋಡಿರುವ ತಗ್ಗನ್ನೂ ಬಿಡದೆ, ಅಲ್ಲಿ ತಲೆಯೆತ್ತಿದ ಕಳೆಕಸವನ್ನೆಲ್ಲ ಪ್ರತಿ ಶನಿವಾರ ಬೋಳಿಸಿಬಿಡುತ್ತಿದ್ದೆ. ನಾನು ತಗ್ಗಿನ ಕಡೆ ತಿರುಗಿದಾಗ ಇನೆಜ್ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಏನೋ ಹೇಳುತ್ತಲೂ ಇದ್ದಳು. ನಾನೂ ಠೀವಿಯಿಂದ ಕೈ ಬೀಸುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷವಾದರೂ ಎಂಥಾ ಪ್ರೀತಿ ನೋಡು ಎಂದು ಕಣ್ಣು ತುಂಬಿ ಬರುತ್ತಿತ್ತು.

ಶಪಥವೇನೋ ಆಯಿತು, ಈಗ ಗಿಡ ಬೇಕಲ್ಲ. ಮೊನಾರ್ಕ್ ಚಿಟ್ಟೆ ಭಾರಿ ಮಡಿವಂತ ಪ್ರಾಣಿ. ಸಿಕ್ಕಸಿಕ್ಕ ಎಲೆಯ ಮೇಲೆ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಹಾಲುಗಿಡವೇ ಆಗಬೇಕು. ಎಲೆ ಚಿವುಟಿದರೆ ಹಾಲು ಸುರಿಸುವ ಈ ಗಿಡ ನಿಮ್ಮ ಎಕ್ಕದ ದೂರದ ದಾಯಾದಿ ಅನ್ನಿ. ಅದರಲ್ಲೂ ನಮ್ಮ ಸೀಮೆಯದೇ ಆದ ಜೌಗಿನ ಹಾಲುಗಿಡ ಅಂತ ಒಂದುಂಟು. ಎದೆಯೆತ್ತರ ಬೆಳೆದು, ತುದಿಯಲ್ಲಿ ಗುಲಾಬಿ ಬಣ್ಣದ ಹೂಗೊಂಚಲು ಬಿಟ್ಟು, ಜೇನು, ದುಂಬಿ, ಚಿಟ್ಟೆ ಯಾರು ಬಂದರೂ ಇಲ್ಲವೆನ್ನದೆ ಅನ್ನಛತ್ರ ನಡೆಸುತ್ತದಂತೆ. ಷರತ್ತು ಒಂದೇ, ಅದರ ಕಾಲು ಸದಾ ಒದ್ದೆಯಾಗಿರಬೇಕು. ಗಿಡ ಮಾರುವವಳು, "ತಗ್ಗಿನಲ್ಲಿ ನೆಡಿ, ಆಮೇಲೆ ಮರೆತುಬಿಡಿ" ಎಂದಳು.

ತಗ್ಗಿನಲ್ಲಂತೆ! ನಾನು ನೆಡುವುದೇ ನಾಲ್ಕು ಜನ ನೋಡಲಿ ಅಂತ. ತಗ್ಗಿನಲ್ಲಿ ನೆಟ್ಟರೆ ನೋಡುವವರು ಯಾರು, ಕಪ್ಪೆಗಳೇ? ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಕೊಂಡು, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಮಡಿ ಮಾಡಿ ನೆಟ್ಟೆ. ಅಲ್ಲಿನ ಮಣ್ಣು ಹಪ್ಪಳದ ಹಾಗೆ ಒಣಗಿತ್ತು. ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ನನ್ನ ಸೊಂಟವೂ ಹಪ್ಪಳವಾಯಿತು. ಸೊಂಟ ಹಿಡಿದುಕೊಂಡು ಮಲಗಿದ್ದಾಗಲೇ ನನ್ನ ತಲೆಗೆ ಆ ಮಹಾ ಉಪಾಯ ಹೊಳೆದದ್ದು.

ನಮ್ಮೂರ ನೆಲ ಮೇಲೆ ಒಣಗಿದ್ದರೂ ಒಳಗೆ ಒರತೆ. ಹಾಗಾಗಿ ಪ್ರತಿ ಮನೆಯ ನೆಲಮಾಳಿಗೆಯ ಮೂಲೆಯಲ್ಲೂ ಒಂದು ಗುಂಡಿ, ಗುಂಡಿಯಲ್ಲೊಂದು ಪಂಪು. ಒರತೆ ನೀರು ಗುಂಡಿ ತುಂಬಿದಾಗ ಪಂಪು ತಾನಾಗಿ ಎದ್ದು, ನೀರನ್ನು ಹೊರಕ್ಕೆ ತಳ್ಳಿ, ಮತ್ತೆ ಮಲಗುತ್ತದೆ. ನಾವು ಮನೆ ಕಟ್ಟಿದಾಗ ಇನೆಜಳ ಅಪ್ಪ, ನನ್ನ ಮಾವ ಸೆಲ್ಮರ್, ಆ ನೀರಿಗೆ ಉದ್ದ ಪೈಪು ಹಾಕಿ ಅಂಗಳ ದಾಟಿಸಿ ರಸ್ತೆ ಬದಿಯ ತಗ್ಗಿಗೆ ಬಿಟ್ಟಿದ್ದರು. ಇಷ್ಟುದ್ದ ಯಾಕೆ ಮಾವ ಎಂದು ಕೇಳಿದ್ದಕ್ಕೆ, "ನೀರು, ಬೆಕ್ಕು ಎರಡೂ ಒಂದೇ ಕಣಯ್ಯಾ. ಮನೆ ದಾರಿ ಮರೆಯೋಷ್ಟು ದೂರ ಬಿಟ್ಟು ಬರಬೇಕು" ಎಂದಿದ್ದರು. ಮಾವ ನಾರ್ವೆ ಮೂಲದ ಮಿತಭಾಷಿ. ಆ ವರ್ಷ ಅವರು ಆಡಿದ ಅತಿ ಉದ್ದದ ಮಾತು ಅದೇ.

ಅಂಥ ಮಾತನ್ನು ನಾನು ಗರಗಸದಿಂದ ಕತ್ತರಿಸಿದೆ. ಪೈಪನ್ನು ಗೋಡೆ ಪಕ್ಕದಲ್ಲೇ ತುಂಡು ಮಾಡಿ, ಅದರ ಬಾಯನ್ನು ನನ್ನ ಗಿಡಗಳ ಕಡೆ ತಿರುಗಿಸಿದೆ. ಭಗೀರಥ ಗಂಗೆಯನ್ನು ಆಕಾಶದಿಂದ ತಂದ, ನಾನು ನೆಲಮಾಳಿಗೆಯಿಂದ ತಂದೆ. ಅವನಿಗೆ ತಪಸ್ಸು ಬೇಕಾಯಿತು, ನನಗೆ ಅರ್ಧ ಗಂಟೆ ಸಾಕಾಯಿತು!

ಇನೆಜ್ ಕಿಟಕಿಯಿಂದ ಬಗ್ಗಿ ನೋಡಿ, "ಅಪ್ಪ ಹೇಳಿದ್ದು ನೆನಪಿದೆಯಾ?" ಎಂದಳು.

"ನಿಮ್ಮಪ್ಪನ ಕಾಲ ಹೋಯ್ತು. ಇದು ಮರುಬಳಕೆಯ ಕಾಲ. ಒಂದು ಹನಿ ನೀರೂ ನಮ್ಮನೆ ಬಿಟ್ಟು ಹೋಗಬಾರದು."

ದೇವರು ಯಾವ ಯಾವ ಮಾತಿಗೆಲ್ಲ ಅಸ್ತು ಅನ್ನುತ್ತಾನೋ!

ಗಿಡಗಳು ಹೆಣ್ಣುಮಕ್ಕಳ ಹಾಗೆ ದಿನದಿನಕ್ಕೆ ಎತ್ತರವಾದವು. ಪಂಪು ಮೊದಲು ದಿನಕ್ಕೆ ಒಂದೆರಡು ಸಲ ಏಳುತ್ತಿದ್ದದ್ದು ಆಮೇಲೆ ಗಂಟೆಗೊಮ್ಮೆ ಎದ್ದಿತು, ಕೊನೆಗೆ ಮಲಗುವುದನ್ನೇ ಬಿಟ್ಟಿತು. ಜೂನ್ ಮುಗಿದು ಮಳೆ ಕೈಕೊಟ್ಟು, ಊರವರ ಪಂಪುಗಳೆಲ್ಲ ಗೊರಕೆ ಹೊಡೆಯುತ್ತಿದ್ದಾಗ ನಮ್ಮದೊಂದೇ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಪೈಪಿನಿಂದ ಆನೆಯ ಸೊಂಡಿಲಿನ ಹಾಗೆ ನೀರು! ಬುದ್ಧಿಯಿದ್ದವನಿಗೆ ಅನುಮಾನ ಬರಬೇಕಿತ್ತು. ನನಗೆ ಜಂಬ ಬಂತು. ನಮ್ಮ ಮನೆಯ ಕೆಳಗೆ ಎಂದೂ ಬತ್ತದ ಊಟೆ, ನೀರಿನ ಬುಗ್ಗೆ, ಎದ್ದಿದೆ ಎಂದು ಅಂಚೆಯವನಿಂದ ಹಿಡಿದು ಕಟಿಂಗ್ ಅಂಗಡಿಯವನವರೆಗೆ ಎಲ್ಲರಿಗೂ ಸಾರಿದೆ. ಡುವೇನ್ ಬಂದು ಗೋಡೆಗೆ ಕಿವಿಯಿಟ್ಟು ಕೇಳಿ, ನೀರನ್ನು ನೋಡಿ, ನನ್ನನ್ನು ನೋಡಿ, "ಹೊಸ ಥರಾ ಇದೆ" ಎಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ನಾನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡೆ. ಊಟೆಯ ಸೇವೆಯಲ್ಲಿ ಎಷ್ಟು ಮುಳುಗಿದ್ದೆನೆಂದರೆ ರಸ್ತೆ ಬದಿಯ ತಗ್ಗಿಗೆ ಗಾಡಿ ಇಳಿಸುವುದನ್ನೇ ಮರೆತಿದ್ದೆ.

ಇನ್ನು ಕೌದಿಗಳ ವಿಷಯ. ಇಲ್ಲಿಗೆ ಬಂದಾಗ ನನ್ನ ಕೈ ನಿಧಾನವಾಗುತ್ತದೆ, ಕ್ಷಮಿಸಿ.

ನಮ್ಮ ಚರ್ಚಿನ ಹೆಂಗಸರು ಮಂಗಳವಾರ ಮಂಗಳವಾರ ಸೇರಿ ಚಳಿಗಾಲವಿಡೀ ಕೌದಿ ಹೊಲಿಯುತ್ತಾರೆ. ಹಳೇ ಅಂಗಿ, ಪರದೆ, ಹಾಸು ಎಲ್ಲವನ್ನೂ ಚೌಕ ಚೌಕ ಕತ್ತರಿಸಿ, ಜೋಡಿಸಿ, ಪದರದ ನಡುವೆ ಹತ್ತಿ ಇಟ್ಟು, ಅದು ಸರಿಯದ ಹಾಗೆ ದಪ್ಪ ನೂಲಿನಿಂದ ಅಲ್ಲಲ್ಲಿ ಗಂಟು ಹಾಕುತ್ತಾರೆ. ಸೆಪ್ಟೆಂಬರಿನ ಒಂದು ಭಾನುವಾರ ಅವನ್ನೆಲ್ಲ ಚರ್ಚಿನ ಬೆಂಚುಗಳಿಗೆ ಹೊದಿಸಿ, ಪ್ರಾರ್ಥನೆ ಮಾಡಿ, ಲಾರಿಗೆ ತುಂಬಿ ಕಳಿಸುತ್ತಾರೆ. ದೂರದ ದೇಶಗಳಲ್ಲಿ ನೆರೆ ಬಂದು ಮನೆ ಕಳಕೊಂಡವರಿಗೆ ಅವು ಹೋಗುತ್ತವೆ. ಈ ಬೇಸಿಗೆಯಲ್ಲಿ ಚರ್ಚಿನ ಹಜಾರದ ನೆಲ ಕಿತ್ತು ಹೊಸದು ಹಾಕುತ್ತಿದ್ದರು. ಹಾಗಾಗಿ ಕೌದಿಗಳೆಲ್ಲ ನಮ್ಮ ನೆಲಮಾಳಿಗೆಗೆ ಬಂದಿದ್ದವು. ಆ ಹೆಂಗಸರ ಗುಂಪಿಗೆ ಇನೆಜಳೇ ಯಜಮಾನಿ. ಮಡಚುವ ಉದ್ದ ಮೇಜುಗಳ ಮೇಲೆ ಅವನ್ನು ಒಟ್ಟಿ, ಎಲ್ಲಕ್ಕಿಂತ ಮೇಲೆ ಬೋರ್ಗಿಲ್ಡ್ ಅಜ್ಜಿಯ ಕೌದಿ ಇಟ್ಟಿದ್ದಳು.

ಬೋರ್ಗಿಲ್ಡ್ ಅಜ್ಜಿಗೆ ತೊಂಬತ್ತು ದಾಟಿದೆ, ಕಣ್ಣು ಪೂರ್ತಿ ಮಂಜು. ಬೆರಳಿನಿಂದ ತಡವಿ ತಡವಿ ಎರಡು ಚಳಿಗಾಲ ಕೂತು ಹೊಲಿದ ಕೌದಿ ಅದು. ಒಂದು ಚೂರೂ ಬಣ್ಣವಿಲ್ಲದ ಅಚ್ಚ ಬಿಳಿ. ತನ್ನ ಮನೆಯ ಮೇಜುಹಾಸು, ದಿಂಬಿನ ಚೀಲ, ಗಂಡನ ಭಾನುವಾರದ ಅಂಗಿ ಎಲ್ಲ ಅದರಲ್ಲಿದ್ದವು. "ಇದೇ ನನ್ನ ಕೊನೇದು" ಎಂದು ಇನೆಜಳ ಕೈಯಲ್ಲಿ ಕೊಟ್ಟಿದ್ದರು.

"ಇವನ್ನ ಮೇಜಿನಿಂದ ಇಳಿಸಬೇಡ" ಎಂದು ಇನೆಜ್ ನನಗೆ ಹೇಳಿದ್ದಳು.

"ನಾನೇನು ಮಗುವಾ?" ಎಂದು ನಾನು ಸಿಡುಕಿದ್ದೆ.

ಜುಲೈ ಬಂತು, ಪಾದ್ರಿಯಮ್ಮ ಹೇಳಿದ ಶನಿವಾರವೂ ಬಂತು. ಇಡೀ ಚರ್ಚಿಗೆ ಕಾಫಿ ಕೊಡಬೇಕೆಂದರೆ ಮೇಜು ಬೇಡವೇ? ಹಿಂದಿನ ದಿನ ಇನೆಜ್ ಪೇಟೆಗೆ ಹೋಗಿದ್ದಾಗ ನಾನು ಕೌದಿಗಳನ್ನು ಮೆಲ್ಲಗೆ ನೆಲಕ್ಕೆ ಇಳಿಸಿದೆ. ಒಂದೇ ದಿನದ ಮಾತಲ್ಲವೇ? ಒಟ್ಟಿದ್ದನ್ನು ಇಳಿಸುವಾಗ ಮೇಲಿನದು ಮೊದಲು ಇಳಿಯುತ್ತದೆ, ಮೊದಲು ಇಳಿದದ್ದು ತಳಕ್ಕೆ ಹೋಗುತ್ತದೆ. ಈ ಸಣ್ಣ ಲೆಕ್ಕವನ್ನು ನಾನು ಆಮೇಲೆ ಎಷ್ಟು ಸಲ ಮಾಡಿದ್ದೇನೋ. ಮೇಜುಗಳನ್ನು ಮರುದಿನ ಬೆಳಿಗ್ಗೆ ಅಂಗಳಕ್ಕೆ ತಂದು, ಗುರುತು ಸಿಗದ ಹಾಗೆ ಬಿಳಿ ಬಟ್ಟೆ ಹಾಸಿ ಸಿಂಗರಿಸಿದೆ. ಇನೆಜಳಿಗೆ ಅದನ್ನೆಲ್ಲ ವಿಚಾರಿಸುವಷ್ಟು ಪುರುಸೊತ್ತಿರಲಿಲ್ಲ. ಹಿತ್ತಲಿನ ಬೀಟ್‌ರೂಟು ಅತಿಥಿಗಳು ಬರುತ್ತಾರೆಂದು ಕಾಯುವುದಿಲ್ಲ. ಉಪ್ಪಿನಕಾಯಿಗೆಂದು ಅವಳು ಬೆಳಗಿನಿಂದ ದೊಡ್ಡ ಹಂಡೆಯಲ್ಲಿ ಅದನ್ನು ಬೇಯಿಸುತ್ತಿದ್ದಳು.

ಜನ ಬಂದರು. ಕಾಫಿ ಬಂತು, ಆಲೂಗಡ್ಡೆ ಸಲಾಡು ಬಂತು, ಚೌಕ ಚೌಕವಾಗಿ ಕತ್ತರಿಸಿದ ಸಿಹಿ ತಿಂಡಿ ಬಂತು. ಬೋರ್ಗಿಲ್ಡ್ ಅಜ್ಜಿಗೆ ಗಿಡಗಳ ಪಕ್ಕದಲ್ಲೇ ಕುರ್ಚಿ ಹಾಕಿದೆವು. ಎಲ್ಲಾ ಬಂದರು, ಚಿಟ್ಟೆ ಒಂದು ಬಿಟ್ಟು. ಗಿಡಗಳು ಹಸಿರು ಹಸಿರಾಗಿ ನಿಂತಿದ್ದವು. ಒಂದು ಹೂವಿಲ್ಲ. ನೆಟ್ಟ ಮೊದಲ ವರ್ಷ ಎಲ್ಲವೂ ಹೂ ಬಿಡುವುದಿಲ್ಲ ಎನ್ನುವುದನ್ನು ನಾನು ಶಪಥ ಮಾಡುವ ಮುಂಚೆ ಕೇಳಿ ತಿಳಿದುಕೊಂಡಿರಲಿಲ್ಲ. ಜನ ಲೋಟ ಹಿಡಿದು ಅರ್ಧಚಂದ್ರಾಕಾರವಾಗಿ ನಿಂತು ಎಲೆಗಳನ್ನೇ ನೋಡಿದರು. ಸಾವಿನ ಮನೆಯಲ್ಲಿ ಹಾಗೆ ನಿಲ್ಲುತ್ತಾರೆ.

"ಚಿಟ್ಟೆಗಳು ಊಟಕ್ಕೆ ಹೋಗಿರಬೇಕು" ಎಂದ ಡುವೇನ್.

ನಾನು ತಕ್ಷಣ ಎಲ್ಲರ ಗಮನವನ್ನು ಊಟೆಯ ಕಡೆ ತಿರುಗಿಸಿದೆ. ಆನೆ ಸೊಂಡಿಲಿನ ಹಾಗೆ ಸುರಿಯುತ್ತಿದ್ದ ಪೈಪು ಅವತ್ತು ಬೆಳಗಿನಿಂದ ಮುದುಕನ ಹಾಗೆ ಕೆಮ್ಮುತ್ತಿತ್ತು. ಊಟೆ ಉಸಿರು ತೆಗೆದುಕೊಳ್ಳುತ್ತಿದೆ ಎಂದೆ. ಭೂಮಿಯ ಗರ್ಭ, ಪ್ರಕೃತಿಯ ಔದಾರ್ಯ ಎಂದೆಲ್ಲ ಹೇಳಿ, ಕೈಯನ್ನು ಆಕಾಶಕ್ಕೆ ಎತ್ತಿ ಇಳಿಸುವಷ್ಟರಲ್ಲಿ, ಪೈಪಿನಿಂದ ಬರುತ್ತಿದ್ದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

ಜನ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮಾತ್ರ ಸರಿಯಲಿಲ್ಲ. ಭಾಷಣಕಾರನಿಗೆ ಭಾಷಣದ ಮಧ್ಯೆ ಹಿಂದೆ ಸರಿಯುವುದು ಗೊತ್ತಿಲ್ಲ. "ಗಾಬರಿ ಬೇಡ! ಇದು ಕಬ್ಬಿಣದ ಅಂಶ. ಆಳದ ಊಟೆ ಅಂತ ಇದರಿಂದಲೇ ಸಾಬೀತಾಗುತ್ತೆ. ಇಂಥ ನೀರು ರಕ್ತಕ್ಕೆ ಬಹಳ ಒಳ್ಳೇದು."

ಡುವೇನ್ ಬಗ್ಗಿ, ಪೈಪಿನ ಬಾಯಿಗೆ ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡ. ತುಟಿ ಚಪ್ಪರಿಸಿದ.

"ಬೀಟ್‌ರೂಟು" ಎಂದ. "ಉಪ್ಪು ಕಡಿಮೆ."

ಎಲ್ಲರೂ ತಲೆಯೆತ್ತಿ ಅಡುಗೆಮನೆ ಕಿಟಕಿಯ ಕಡೆ ನೋಡಿದರು. ಅಲ್ಲಿ ಇನೆಜ್ ಬೀಟ್‌ರೂಟು ಬೇಯಿಸಿದ ನೀರಿನ ಇನ್ನೊಂದು ಹಂಡೆಯನ್ನು ಗಿಡಗಳ ಬುಡಕ್ಕೆ ಚೆಲ್ಲಲೆಂದು ಎತ್ತಿ ಹಿಡಿದವಳು ಹಾಗೇ ನಿಂತಿದ್ದಳು. ಅವಳು ಕೈಯಲ್ಲಿದ್ದ ಹಂಡೆ ನೋಡಿದಳು, ಗಿಡದ ಬುಡ ನೋಡಿದಳು, ಪೈಪು ನೋಡಿದಳು. ಕಿಟಕಿಯಿಂದ ಚೆಲ್ಲಿದ ನೀರು ಗೋಡೆಗುಂಟ ಇಳಿದು ಗುಂಡಿಗೆ, ಗುಂಡಿಯಿಂದ ಪಂಪಿಗೆ, ಪಂಪಿನಿಂದ ಪೈಪಿಗೆ, ಪೈಪಿನಿಂದ ಮತ್ತೆ ಗಿಡದ ಬುಡಕ್ಕೆ! ಎರಡು ತಿಂಗಳಿಂದ ನಾನು ಊಟೆ ಊಟೆ ಎಂದು ಕುಣಿಯುತ್ತಿದ್ದದ್ದು ಒಂದೇ ನೀರು. ಗಾಣದ ಎತ್ತಿನ ಹಾಗೆ ನನ್ನ ಗೋಡೆಯನ್ನು ಸುತ್ತುತ್ತಿತ್ತು. ಬೆಕ್ಕು ಮನೆ ದಾರಿ ಮರೆತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಪೈಪು ಒಂದು ಸಲ ಬಿಕ್ಕಿ ನಿಂತುಹೋಯಿತು. ಎರಡು ತಿಂಗಳು ಕಿವಿಯಲ್ಲಿದ್ದ ಗುಂಯ್ ಸದ್ದು ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಚರ್ಚಿನಲ್ಲೂ ಕೇಳಿಲ್ಲ.

ಇನೆಜ್ ಹೊರಗೆ ಬಂದಳು. ನನ್ನ ಹತ್ತಿರ ಬರಲಿಲ್ಲ. ಮೇಜಿನ ಹತ್ತಿರ ಹೋಗಿ, ಹಾಸಿದ್ದ ಬಿಳಿ ಬಟ್ಟೆಯ ಅಂಚು ಎತ್ತಿ, ಮೇಜಿನ ಕಾಲು ನೋಡಿದಳು.

"ಆರ್ವಿಡ್," ಎಂದಳು, "ಈ ಮೇಜಿನ ಮೇಲಿದ್ದವು ಈಗ ಎಲ್ಲಿವೆ?"

ಆಣೆ ಮಾಡಿ ಹೇಳುತ್ತೇನೆ, ನನಗೆ ಅಲ್ಲಿಯವರೆಗೂ ಕೌದಿಗಳ ನೆನಪೇ ಇರಲಿಲ್ಲ.

ನೆಲಮಾಳಿಗೆಯಲ್ಲಿ ಕಣಕಾಲು ಮುಳುಗುವಷ್ಟು ಗುಲಾಬಿ ನೀರು. ಪಂಪು ಸುಟ್ಟ ವಾಸನೆ. ಬೆಳಗಿನಿಂದ ಅದು ಕೈಲಾಗದೆ ಕೆಮ್ಮುತ್ತಿದ್ದಾಗಲೇ ಗುಂಡಿ ಉಕ್ಕಿ ನೀರು ನೆಲಕ್ಕೆ ಹರಡಿತ್ತು. ಒಟ್ಟಿದ ಕೌದಿಗಳು ಬತ್ತಿಯ ಹಾಗೆ ಅದನ್ನು ಹೀರುತ್ತಾ ಕೂತಿದ್ದವು. ನೆರೆಯಲ್ಲಿ ಮನೆ ಕಳಕೊಂಡವರಿಗೆ ಹೋಗಬೇಕಾದ ಕೌದಿಗಳಿಗೆ ನಾನೇ ನೆರೆ ತರಿಸಿದ್ದೆ, ಅದೂ ಬೀಟ್‌ರೂಟಿನ ನೆರೆ.

ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಎಲ್ಲವನ್ನೂ ಮೇಲೆ ತಂದರು. ಒದ್ದೆ ಕೌದಿ ಹೆಣದ ಭಾರ. ಯಾರೂ ನನ್ನನ್ನು ಬೈಯಲಿಲ್ಲ. ನಮ್ಮ ಕಡೆ ಮನೆಗೆ ಸಿಡಿಲು ಬಡಿದರೂ, ಹಸು ಬಾವಿಗೆ ಬಿದ್ದರೂ, "ಇನ್ನೂ ಕೆಟ್ಟದಾಗಬಹುದಿತ್ತು ಬಿಡಿ" ಎನ್ನುವುದು ವಾಡಿಕೆ. ಅವತ್ತು ಯಾರಾದರೂ ಅದನ್ನು ಅನ್ನುತ್ತಾರೇನೋ ಎಂದು ನಾನು ಮುಖ ಮುಖ ನೋಡಿದೆ. ಒಬ್ಬರೂ ಅನ್ನಲಿಲ್ಲ.

ಬೇಲಿಗೆ, ಸೇಬಿನ ಮರಕ್ಕೆ, ಡುವೇನನ ಗಾಡಿಗೆ, ಪಾದ್ರಿಯಮ್ಮನ ಕಾರಿಗೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೌದಿ ಹರವಿದರು. ಆಗ ಬಂದವು ನೋಡಿ ಚಿಟ್ಟೆಗಳು! ಮೊನಾರ್ಕ್ ಅಲ್ಲ, ಸಣ್ಣ ಹಳದಿ ಚಿಟ್ಟೆಗಳು. ನನ್ನ ಗಿಡಗಳ ಮೇಲೆಯೇ ಹಾರಿ, ಅವನ್ನು ಮೂಸಿಯೂ ನೋಡದೆ, ಒದ್ದೆ ಕೌದಿಗಳ ಮೇಲೆ ಸಾಲಾಗಿ ಕೂತು ನೀರು ಹೀರತೊಡಗಿದವು. ಡುವೇನ್ ನನ್ನ ಪಕ್ಕ ಬಂದು ನಿಂತು ಅದನ್ನು ನೋಡಿದ. ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿಕೊಂಡ. ಅವನೂ ಸುಮ್ಮನಾದನೆಂದರೆ ನನ್ನ ಸ್ಥಿತಿ ನೀವೇ ಊಹಿಸಿ.

ಬೋರ್ಗಿಲ್ಡ್ ಅಜ್ಜಿ ಕುರ್ಚಿಯಲ್ಲೇ ಕೂತಿದ್ದರು. ಇನೆಜ್ ಅವರ ಕೌದಿಯನ್ನು ಹಿಂಡಿ ಮಡಿಲಿಗೆ ಇಟ್ಟಳು. ತಳದಲ್ಲಿದ್ದದ್ದು, ಎಲ್ಲಕ್ಕಿಂತ ಹೆಚ್ಚು ಕುಡಿದದ್ದು ಅದೇ. ನಾನು ಹೋಗಿ ಅವರ ಮುಂದೆ ಮೊಣಕಾಲೂರಿದೆ.

"ಅಜ್ಜಿ, ನಿಮ್ಮ ಕೌದಿಗೆ ಬಣ್ಣ ಹಿಡಿದಿದೆ."

"ಯಾವ ಬಣ್ಣ?"

"ಗುಲಾಬಿ."

ಅಜ್ಜಿ ಬೆರಳುಗಳನ್ನು ಬಟ್ಟೆಯ ಮೇಲೆ ಆಡಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು, ಇನ್ನೊಂದು ಕಡೆ ನಿಲ್ಲಿಸಿದರು. "ನೀರಿನ ಭಾರಕ್ಕೆ ಗಂಟು ಕಿತ್ತು ಬಂದಿವೆ ಕಣೋ. ಒಳಗೆ ಹತ್ತಿ ಸರೀತಿದೆ. ಇನ್ನೊಂದು ಚಳಿಗಾಲ ನನ್ನ ಕೈಲಾಗಲ್ಲ. ನೀನು ಹಾಕಿಕೊಡ್ತೀಯಾ?"

"ಹಾಕ್ತೀನಿ ಅಜ್ಜಿ" ಎಂದೆ. ಅಂಗಿಯ ಗುಂಡಿ ಬಿದ್ದರೆ ಅಂಗಿಯನ್ನೇ ಬದಲಿಸುವ ಮನುಷ್ಯ ನಾನು.

ಮರುದಿನ ಬೆಳಿಗ್ಗೆ ನಾನೇ ಪೈಪನ್ನು ಜೋಡಿಸಿ, ಮಾವ ಬಿಟ್ಟಿದ್ದ ತಗ್ಗಿಗೇ ಮರಳಿ ಬಿಟ್ಟೆ. ಹೊಸ ಪಂಪು ಕೂರಿಸಿದೆ. ಗೋಡೆಯ ಬುಡ ಒಣಗಿಸಲು ಕಿಟಕಿ ಕೆಳಗಿನ ಮಡಿಯನ್ನು ಅಗೆದದ್ದಾಯಿತು, ನನ್ನ ಗಿಡಗಳು ಡುವೇನನ ಹೆಂಡತಿಯ ಪಾಲಾದವು. ಇಷ್ಟೆಲ್ಲ ಮಾಡಿ, ಮನಸ್ಸಿಗೆ ಸಮಾಧಾನ ಬೇಕಲ್ಲ ಎಂದು ಹುಲ್ಲಿನ ಗಾಡಿಯ ಹತ್ತಿರ ಹೋದರೆ, ಕೀಲಿ ಇಲ್ಲ!

"ಕೀಲಿ ಎಲ್ಲಿ?"

"ಕೌದಿಗಳು ಲಾರಿ ಹತ್ತಿದ ಮೇಲೆ ಸಿಗುತ್ತೆ" ಎಂದಳು ಇನೆಜ್. "ಅಲ್ಲೀವರೆಗೆ ನಿನಗೆ ಎಲ್ಲಾ ದಿನವೂ ಮಂಗಳವಾರವೇ."

ಹಾಗೆ ಶುರುವಾಯಿತು ನನ್ನ ವನವಾಸ. ನಮ್ಮ ಮನೆಯ ಪಡಸಾಲೆಯಲ್ಲೇ ಹೆಂಗಸರ ಸಭೆ. ನಡುವೆ ನಾನೊಬ್ಬ ಗಂಡಸು, ಮೂಗಿನ ತುದಿಯಲ್ಲಿ ಕನ್ನಡಕ, ಬೆರಳ ತುದಿಯಲ್ಲಿ ರಕ್ತ. ಕೌದಿಗಳನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ಒಗೆದದ್ದು ನಾನು. ಹಿಂಡಿದ್ದು ನಾನು. ಬಣ್ಣದ ಕೌದಿಗಳಲ್ಲಿ ಕಲೆ ಎಲ್ಲೋ ಅಡಗಿಕೊಂಡಿತು. ಬಿಳಿಯದರಲ್ಲಿ ಅಡಗಲು ಜಾಗವಿರಲಿಲ್ಲ. ಅದನ್ನು ಬೋರ್ಗಿಲ್ಡ್ ಅಜ್ಜಿಯ ಪಕ್ಕದಲ್ಲಿ ಕೂತು ನಾನೊಬ್ಬನೇ ರಿಪೇರಿ ಮಾಡಬೇಕು. ನಾನು ಒಂದು ಗಂಟು ಹಾಕುವುದು, ಅಜ್ಜಿ ಬೆರಳಿಟ್ಟು ನೋಡುವುದು.

"ಬಿಚ್ಚು."

ಇನ್ನೊಂದು ಹಾಕುವುದು.

"ಬಿಚ್ಚು."

ಜುಲೈ ಮುಗಿಯುವವರೆಗೂ ಅಜ್ಜಿ ನನ್ನ ಹತ್ತಿರ ಆಡಿದ ಮಾತು ಇದೊಂದೇ. ಹೆಂಗಸರು ನಗುತ್ತಿದ್ದರು. ಆಮೇಲೆ ಆಮೇಲೆ ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ, ಕಣ್ಣು ಕಾಣದ ಆ ಬೆರಳುಗಳು ಕಿತ್ತ ಗಂಟನ್ನು ಹುಡುಕುತ್ತಾ ನಿಂತ ಜಾಗಗಳು ನೆನಪಾಗಿ ಮುಖಕ್ಕೆ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಆಗಸ್ಟಿನ ಒಂದು ಮಧ್ಯಾಹ್ನ ನಾನು ಹಾಕಿದ ಗಂಟನ್ನು ಅಜ್ಜಿ ಹಿಡಿದೆಳೆದು, ಮತ್ತೆ ಎಳೆದು, "ಇರಲಿ" ಎಂದರು. ನನಗೆ ನಿವೃತ್ತಿಯ ದಿನ ಕೊಟ್ಟ ಸನ್ಮಾನಪತ್ರಕ್ಕಿಂತ ಆ ಒಂದು ಮಾತು ದೊಡ್ಡದಾಗಿ ಕಂಡಿತು.

ನನಗೆ ಉಳಿದಿದ್ದ ಇನ್ನೊಂದು ಅವಮಾನವೆಂದರೆ ರಸ್ತೆ ಬದಿಯ ತಗ್ಗು. ಕೀಲಿಯಿಲ್ಲದೆ ಅಲ್ಲಿ ಕಳೆ ಸೊಂಟದುದ್ದ ಬೆಳೆದು ನಿಂತಿತ್ತು. ನಮ್ಮ ಮನೆ ಮುಂದೆ ಬಂದಾಗ ಕಾರುಗಳು ನಿಧಾನವಾಗುತ್ತಿದ್ದವು. ಕೆಲವು ನಿಂತೇ ಬಿಡುತ್ತಿದ್ದವು. ಜನ ಇಳಿದು ಬೆರಳು ಮಾಡಿ ತೋರಿಸುತ್ತಿದ್ದರು. ಊರಿನಲ್ಲೇ ಅತ್ಯಂತ ನುಣ್ಣಗಿದ್ದ ತಗ್ಗಿಗೆ ಈ ಗತಿ! ನಾನು ಆ ಕಡೆಯ ಕಿಟಕಿಗಳಿಗೆಲ್ಲ ಪರದೆ ಎಳೆದು, ಹಿಂಬಾಗಿಲಿನಿಂದಲೇ ಓಡಾಡಿದೆ. ಇನೆಜ್ ಪಕ್ಕ ಕಾರಿನಲ್ಲಿ ಕೂತು ಹೋಗುವಾಗಲೂ ಆ ಜಾಗ ಬಂದಾಗ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ಆ ಭಾನುವಾರ ಕೌದಿಗಳೆಲ್ಲ ಬೆಂಚುಗಳಿಗೆ ಹೊದಿಕೆಯಾಗಿ ಕೂತವು. ಮೊದಲ ಬೆಂಚಿನ ಮೇಲೆ ಬೋರ್ಗಿಲ್ಡ್ ಅಜ್ಜಿಯದು. ಅಜ್ಜಿ ನನ್ನ ತೋಳು ಹಿಡಿದು, "ಈಗ ಯಾವ ಬಣ್ಣ?" ಎಂದು ಪಿಸುಗುಟ್ಟಿದರು.

"ತಿಳಿ ಗುಲಾಬಿ, ಅಜ್ಜಿ. ಎಷ್ಟು ಒಗೆದರೂ ಅಷ್ಟು ಉಳಿದುಬಿಟ್ಟಿತು."

"ಬಿಳಿ ಬೇಗ ಕೊಳೆಯಾಗ್ತಿತ್ತು" ಎಂದರು ಅಜ್ಜಿ. "ಮಕ್ಕಳಿರೋ ಮನೆಗೆ ಹೋಗಲಿ."

ಲಾರಿ ಹೊರಟಿತು. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಡುವೇನ್ ಬಂದು ಭುಜ ತಟ್ಟಿ, "ಗೆದ್ದೆ ಬಿಡು, ಆರ್ವಿಡ್" ಎಂದ. ಇನ್ನೂ ಹಂಗಿಸುತ್ತಿದ್ದಾನಲ್ಲ ಎಂದುಕೊಂಡೆ. ಆದರೆ ಪಾದ್ರಿಯಮ್ಮನೂ ಅದನ್ನೇ ಅಂದರು. ಆಮೇಲೆ ನಾಲ್ಕಾರು ಕಾರು ನಮ್ಮ ಹಿಂದೆಯೇ ಮನೆವರೆಗೆ ಬಂದವು. ನಾನು ವಾಡಿಕೆಯಂತೆ ಬೂಟಿನ ದಾರಕ್ಕೆ ಬಗ್ಗಿದಾಗ ಇನೆಜ್ ಕಾರು ನಿಲ್ಲಿಸಿ, "ಇವತ್ತಾದರೂ ತಲೆ ಎತ್ತು" ಎಂದಳು.

ಎತ್ತಿದೆ.

ತಗ್ಗಿನ ಉದ್ದಕ್ಕೂ ಎದೆಯೆತ್ತರದ ಗಿಡಗಳು, ತುದಿಯಲ್ಲಿ ಗುಲಾಬಿ ಹೂಗೊಂಚಲು. ಪ್ರತಿ ಗೊಂಚಲಿನ ಮೇಲೂ ಜೇನು, ದುಂಬಿ. ಮೇಲೆಲ್ಲ ಕಿತ್ತಳೆ ಕಿತ್ತಳೆಯಾಗಿ ಮೊನಾರ್ಕ್ ಚಿಟ್ಟೆಗಳು. ಮೆಕ್ಸಿಕೋಗೆ ಹೊರಟ ದಿಬ್ಬಣವೆಲ್ಲ ನಮ್ಮ ಮನೆ ಮುಂದೆಯೇ ಇಳಿದು ಊಟಕ್ಕೆ ಕೂತಿತ್ತು. ಜೌಗಿನ ಹಾಲುಗಿಡ! ನಾನು ಕಳೆಯೆಂದು ವರ್ಷವರ್ಷವೂ ಬೋಳಿಸುತ್ತಿದ್ದದ್ದು!

ಪಾದ್ರಿಯಮ್ಮ ಕಾರಿನಿಂದ ಇಳಿದು, "ಆರ್ವಿಡ್, ಇದರ ಗುಟ್ಟೇನು, ಎಲ್ಲರಿಗೂ ಹೇಳಿ" ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ಹಾಳು ಬಾಯಿ, ಇಷ್ಟಾದರೂ ಬುದ್ಧಿ ಬಂದಿರಲಿಲ್ಲ.

"ಗುಟ್ಟು ಇಲ್ಲಿದೆ" ಎಂದು ಇನೆಜ್ ಕೈಚೀಲದಿಂದ ಹುಲ್ಲಿನ ಗಾಡಿಯ ಕೀಲಿ ತೆಗೆದು ತೋರಿಸಿದಳು.

ಎಲ್ಲರೂ ಹೋದ ಮೇಲೆ ನಾನು ಅಲ್ಲೇ ತಗ್ಗಿನ ಅಂಚಿನಲ್ಲಿ ನಿಂತು ಕೇಳಿದೆ. "ಇವನ್ನ ಯಾವಾಗ ನೆಟ್ಟೆ ನೀನು?"

"ಯಾರೂ ನೆಟ್ಟಿಲ್ಲ. ಅಪ್ಪ ಪೈಪು ಹಾಕಿದ ಮಾರನೇ ವರ್ಷ ತಾವಾಗೇ ಬಂದವು. ನೀನು ಆಫೀಸಿಗೆ ಹೋಗ್ತಿದ್ದಷ್ಟು ವರ್ಷ ಪ್ರತಿ ಬೇಸಿಗೆ ಹೂ ಬಿಟ್ಟವು. ನೀನು ಆ ಗಾಡಿ ತಂದೆ, ಮುಗೀತು."

"ಅಲ್ಲ ಮಾರಾಯ್ತಿ, ಹೂವಿನ ಗಿಡ ಅದು, ಕತ್ತರಿಸಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?"

ಇನೆಜ್ ನನ್ನ ಕಡೆ ತಿರುಗಿದಳು.

"ಹೇಳ್ತಿದ್ದೆ. ಪ್ರತಿ ಶನಿವಾರ ಕಿಟಕಿಯಲ್ಲಿ ನಿಂತು, ಬೇಡ ಬೇಡ ಅಂತ ಕೈ ಬೀಸಿ ಬೀಸಿ ಹೇಳ್ತಿದ್ದೆ. ನೀನು ವಾಪಸ್ ಕೈ ಬೀಸಿ ಮುಂದೆ ಹೋಗ್ತಿದ್ದೆ."

ಈಗಲೂ ಇನೆಜ್ ಕಿಟಕಿಯಲ್ಲಿ ಕೈ ಬೀಸುತ್ತಾಳೆ. ನಾನು ವಾಪಸ್ ಬೀಸುವುದಿಲ್ಲ. ಎಲ್ಲಿದ್ದೇನೋ ಅಲ್ಲೇ ನಿಂತುಬಿಡುತ್ತೇನೆ.